ಕ್ಷಮಿಸಿದರೆ ಜೀನ್ ಬದಲಾಗುತ್ತದೆಯೇ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ವಿಡಿಯೊವನ್ನು ಅಕ್ಕನಿಗೆ ಕಳಿಸಿದ್ದು ನಾನೇ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ವಿಡಿಯೊ ಪೂರ್ತಿ ನೋಡದೆಯೇ 'ನಿನಗೆ ಉಪಯೋಗ ಆಗಬಹುದು' ಎಂದು ಒಂದು ಸಾಲು ಸೇರಿಸಿ ಒತ್ತಿಬಿಟ್ಟೆ. ಠಾಣೆ ಬರುವಷ್ಟರಲ್ಲಿ ಮರೆತೂಬಿಟ್ಟಿದ್ದೆ.

ಅಕ್ಕನಿಗೆ ಈಗ 61 ವರ್ಷ. ಪುತ್ತೂರಿನ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು. ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಪಾಠ ಮಾಡಿ ನಿವೃತ್ತಳಾದವಳು. ಹದಿನಾಲ್ಕು ವರ್ಷಗಳಿಂದ ರುಮಟಾಯ್ಡ್ ಆರ್ಥ್ರೈಟಿಸ್ ಅವಳ ಜೊತೆಗಿದೆ. ಮೊದಲು ಹಿಡಿದದ್ದು ಸೀಮೆಸುಣ್ಣ ಹಿಡಿಯುವ ಕೈಯ ಬೆರಳುಗಳನ್ನೇ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ, ನಡುವೆ ಫೋಲಿಕ್ ಆಸಿಡ್, ತಿಂಗಳು ಬಿಟ್ಟು ತಿಂಗಳು ರಕ್ತಪರೀಕ್ಷೆ. ನೋವು ಹೋಗಿರಲಿಲ್ಲ, ಆದರೆ ಒಂದು ಒಪ್ಪಂದಕ್ಕೆ ಬಂದಿತ್ತು. ಅವಳು ತೆಂಗಿನಕಾಯಿ ತುರಿಯುತ್ತಿರಲಿಲ್ಲ, ದೋಸೆ ಹುಯ್ಯುತ್ತಿದ್ದಳು.

ನಾನು ಕಳಿಸಿದ ವಿಡಿಯೊ ಒಂದು ಶಿಬಿರದ್ದು. ಎರಡು ದಿನ, 14,000 ರೂಪಾಯಿ, ಊಟ ಸೇರಿ. 'ಎಪಿಜೆನೆಟಿಕ್ಸ್ ಮತ್ತು ಮನೋಚಿಕಿತ್ಸೆ ಕೂಡಿದ ಹೊಸ ವಿಜ್ಞಾನ: ಮಧುಮೇಹ, ಥೈರಾಯ್ಡ್, ಸಂಧಿವಾತಗಳನ್ನು ಬೇರಿನಿಂದ ಕೀಳಿರಿ.' ಅಕ್ಕ ಹೋದಳು. ಮೊದಲ ದಿನ ಪರದೆಯ ಮೇಲೆ ಇಲಿಗಳು, ಡಿಎನ್‌ಎಯ ಏಣಿ, ಯುದ್ಧದ ಕಪ್ಪುಬಿಳುಪು ಚಿತ್ರಗಳು. ಎರಡನೆಯ ದಿನ ಕಣ್ಣುಮುಚ್ಚಿಸಿ ಕೂರಿಸಿದರು. ನಿಮ್ಮ ಕಾಯಿಲೆ ನೀವು ನುಂಗಿದ ಸಿಟ್ಟು. ಅದು ಜೀನ್‌ಗಳಿಗೆ ಅಂಟಿಕೊಂಡಿದೆ. ನಿಮ್ಮ ತಾಯಿಯ ದುಃಖವೂ ಅದರಲ್ಲಿ ಸೇರಿದೆ. ಯಾರನ್ನು ಕ್ಷಮಿಸಬೇಕೋ ಅವರನ್ನು ಕ್ಷಮಿಸಿ, ಸ್ವಿಚ್ ಆರುತ್ತದೆ. ಕ್ಷಮಿಸಬೇಕಾದವರ ಪಟ್ಟಿಯಲ್ಲಿ ಅತ್ತೆಯ ಹೆಸರು ಬರೆಯಿರಿ ಎಂದು ಅಲ್ಲಿಯವರೇ ಸೂಚಿಸಿದರಂತೆ.

"ನನಗೆ ಅತ್ತೆಯ ಮೇಲೆ ಸಿಟ್ಟೇ ಇಲ್ಲ ಮಾರಾಯ," ಎಂದು ಅಕ್ಕ ಆಮೇಲೆ ನನ್ನಲ್ಲಿ ಹೇಳಿದಳು. "ಇದ್ದರೆ ಬಿಡಬಹುದಿತ್ತು. ಇಲ್ಲದ್ದನ್ನು ಬಿಡುವುದು ಹೇಗೆ?"

ಆದರೂ ಅವಳು ಹೆಸರು ಬರೆದಳು. ಮನೆಗೆ ಬಂದು ದಿನವೂ ಬೆಳಿಗ್ಗೆ ಅವರು ಹೇಳಿಕೊಟ್ಟದ್ದನ್ನು ಮಾಡಿದಳು. ಮೆಥೊಟ್ರೆಕ್ಸೇಟ್ ನಿಲ್ಲಿಸಿ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. 'ಔಷಧ ಲಕ್ಷಣವನ್ನು ಮುಚ್ಚುತ್ತದೆ, ಬೇರನ್ನು ಮುಟ್ಟುವುದಿಲ್ಲ' ಎಂದಷ್ಟೇ ಹೇಳಿದರು. ಇಪ್ಪತ್ತೇಳು ವರ್ಷ ಮಕ್ಕಳಿಗೆ ಭಾವಾರ್ಥ ಬರೆಸಿದವಳಿಗೆ ಇದರ ಭಾವಾರ್ಥ ತಿಳಿಯದೆ ಇರುತ್ತದೆಯೇ? ಮಾತ್ರೆ ನಿಲ್ಲಿಸಿದಳು. ಮೂರನೆಯ ತಿಂಗಳಿಗೆ ಮಣಿಕಟ್ಟು ಬಾತು, ಬೆಳಿಗ್ಗೆ ಹಲ್ಲುಜ್ಜುವ ಬ್ರಶ್ಶು ಹಿಡಿಯಲಾಗದೆ ಕೂತಿದ್ದಾಗ ನಮಗೆ ಗೊತ್ತಾಯಿತು. ಅಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳಿದೆ. "ನಾನು ಸರಿಯಾಗಿ ಕ್ಷಮಿಸಲಿಲ್ಲವೋ ಏನೋ ಅಂತ ನಾಚಿಕೆ ಆಯಿತು," ಎಂದಳು.

ಈ ಬರಹ ಹುಟ್ಟಿದ್ದು ಆ ಒಂದು ಮಾತಿನಿಂದ. ನೋವಿರುವವರನ್ನು ತಮ್ಮ ನೋವಿಗೆ ತಾವೇ ನಾಚುವಂತೆ ಮಾಡುವ ವಿದ್ಯೆಯನ್ನು ನಾನು ವಿಜ್ಞಾನವೆಂದೂ ಕರೆಯಲಾರೆ, ಚಿಕಿತ್ಸೆಯೆಂದೂ ಕರೆಯಲಾರೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ನನ್ನ ಜಗಳ ಮನೋಚಿಕಿತ್ಸೆಯ ಜೊತೆಗಲ್ಲ, ಎಪಿಜೆನೆಟಿಕ್ಸ್ ಜೊತೆಗೂ ಅಲ್ಲ. ಎರಡೂ ನಿಜ, ಎರಡೂ ಬೇಕಾದವು. ಅವೆರಡನ್ನೂ ಇವತ್ತಿಗೆ ಯಾರೂ ಹೊಲಿಯಲಾಗದ ದಾರದಿಂದ ಹೊಲಿದು, ಆ ಅಂಗಿಯನ್ನು ದೀರ್ಘಕಾಲದ ರೋಗಿಗಳಿಗೆ ಮಾರುತ್ತಿರುವವರ ಜೊತೆ ನನ್ನ ಜಗಳ. ನನ್ನ ವಾದ ಇಷ್ಟೇ: ಮಾತಿನ ಚಿಕಿತ್ಸೆಗೆ ಜೀನ್‌ನ ಸರ್ಟಿಫಿಕೇಟು ಬೇಕಿಲ್ಲ. ಅದಕ್ಕೆ ಬೇಕಾಗಿರುವುದು ಕೇಳುವ ಕಿವಿ, ಸಮಯ, ಮತ್ತು ರೋಗಿಯ ಭಾಷೆ.

ಎಪಿಜೆನೆಟಿಕ್ಸ್ ಎಂದರೆ ಏನು? ನಮ್ಮ ಓದುಗರಲ್ಲಿ ಅನೇಕರು ಮುಂಬಯಿಯ ಸಭಾಗೃಹಗಳಲ್ಲಿ ಯಕ್ಷಗಾನ ನೋಡಿದವರು. ಊರಲ್ಲಿ ರಾತ್ರಿಯಿಡೀ ಆಡುವ ಪ್ರಸಂಗವನ್ನು ಇಲ್ಲಿ ಮೂರು ಗಂಟೆಯಲ್ಲಿ ಮುಗಿಸಬೇಕು, ಕೊನೆಯ ಲೋಕಲ್ ತಪ್ಪಬಾರದಲ್ಲ. ಭಾಗವತರ ಎದುರಿಗಿರುವ ಪ್ರಸಂಗ ಪುಸ್ತಕದಲ್ಲಿ ಅಚ್ಚಾದ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ಆದರೆ ಪೆನ್ಸಿಲ್ ಗುರುತುಗಳಿರುತ್ತವೆ: ಈ ಪದ್ಯ ಬೇಡ, ಇದು ಇರಲಿ, ಇದನ್ನು ವಿಳಂಬದಲ್ಲಿ ಹೇಳು. ಡಿಎನ್‌ಎ ಆ ಅಚ್ಚಾದ ಪುಸ್ತಕ. ಅದರ ಮೇಲೆ ಅಲ್ಲಲ್ಲಿ ಅಂಟುವ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು, ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನುಗಳ ಮೇಲಿನ ಬದಲಾವಣೆಗಳು, ಇವೆಲ್ಲ ಪೆನ್ಸಿಲ್ ಗುರುತುಗಳು. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎನ್ನುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಬ್ರಿಟಿಷ್ ಜೀವವಿಜ್ಞಾನಿ ಕಾನ್ರಾಡ್ ವ್ಯಾಡಿಂಗ್‌ಟನ್ 1942ರಲ್ಲಿ ಈ ಪದವನ್ನು ಟಂಕಿಸಿದಾಗ ಅವರ ತಲೆಯಲ್ಲಿದ್ದ ಪ್ರಶ್ನೆ, ಒಂದು ಭ್ರೂಣ ಹೇಗೆ ಬೆಳೆದು ಇಷ್ಟು ಬಗೆಯ ಅಂಗಗಳಾಗುತ್ತದೆ ಎಂಬುದು. ಚರ್ಮದ ಕೋಶ, ಯಕೃತ್ತಿನ ಕೋಶ, ನರಕೋಶ, ಎಲ್ಲಕ್ಕೂ ಪುಸ್ತಕ ಒಂದೇ, ಗುರುತುಗಳು ಬೇರೆ ಬೇರೆ.

ಈ ಗುರುತುಗಳನ್ನು ಅಳಿಸುವ ಔಷಧಗಳೂ ಇವೆ. ಅಜಾಸಿಟಿಡಿನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. ಅಸ್ಥಿಮಜ್ಜೆಯ ಒಂದು ಗಂಭೀರ ಕಾಯಿಲೆಗೆ ಅದನ್ನು ಕೊಡುತ್ತಾರೆ. ಅದು ಡಿಎನ್‌ಎ ಮೇಲಿನ ಮಿಥೈಲ್ ಗುರುತುಗಳನ್ನು ತಗ್ಗಿಸುತ್ತದೆ. ಜೊತೆಗೆ ರಕ್ತಕಣಗಳನ್ನು ಇಳಿಸುತ್ತದೆ, ವಾಕರಿಕೆ ತರುತ್ತದೆ, ಪದೇ ಪದೇ ರಕ್ತಪರೀಕ್ಷೆ ಬೇಕಾಗುತ್ತದೆ. ನಿಜವಾದ ಎಪಿಜೆನೆಟಿಕ್ ಚಿಕಿತ್ಸೆ ಇರುವುದು ಹೀಗೆ, ಕ್ಯಾನ್ಸರ್ ವಾರ್ಡಿನಲ್ಲಿ, ತಜ್ಞರ ಕಣ್ಗಾವಲಿನಲ್ಲಿ.

ಇನ್ನು ಶಿಬಿರದ ಪರದೆಯ ಮೇಲೆ ಬಂದ ಸಾಕ್ಷ್ಯಗಳನ್ನು ನೋಡೋಣ. ಯಾವುದೂ ಸುಳ್ಳಲ್ಲ. ಅವುಗಳಿಂದ ಎಳೆದ ತೀರ್ಮಾನ ಮಾತ್ರ ಬೇರೆ.

ಮೊದಲನೆಯದು ಹಾಲೆಂಡಿನ ಬರಗಾಲ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆ ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆಯನ್ನು ತಡೆಯಿತು. ದಿನದ ಪಡಿತರ 1,000 ಕ್ಯಾಲೊರಿಗಿಂತ ಕೆಳಗಿಳಿಯಿತು. ಆ ಸಮಯದಲ್ಲಿ ಗರ್ಭದಲ್ಲಿದ್ದವರನ್ನು ಸುಮಾರು ಆರು ದಶಕಗಳ ನಂತರ ಪರೀಕ್ಷಿಸಿ, ಬಾಸ್ಟಿಯಾನ್ ಹೈಮಾನ್ಸ್ ಮತ್ತು ಸಂಗಡಿಗರು 2008ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಐಜಿಎಫ್2 ಎಂಬ ಜೀನ್ ಬಳಿಯ ಮಿಥೈಲ್ ಗುರುತು, ಬರಗಾಲ ತಟ್ಟದ ಅವರ ಒಡಹುಟ್ಟಿದವರಲ್ಲಿ ಇದ್ದುದಕ್ಕಿಂತ ಕಡಿಮೆಯಿತ್ತು. ಎಷ್ಟು ಕಡಿಮೆ? ಸುಮಾರು ಶೇಕಡಾ 5. ಅದೂ ಗರ್ಭಧಾರಣೆಯ ಆಸುಪಾಸಿನಲ್ಲಿ ಹಸಿವು ತಟ್ಟಿದವರಲ್ಲಿ ಮಾತ್ರ. ಗರ್ಭದ ಕೊನೆಯ ತಿಂಗಳುಗಳಲ್ಲಿ ತಟ್ಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಇದು ಅದ್ಭುತವಾದ ಸಂಶೋಧನೆ. ಆದರೆ ಇದರಿಂದ ಕಲಿಯಬೇಕಾದ್ದು, ಬಸುರಿ ಹೆಂಗಸಿಗೆ ಹೊಟ್ಟೆತುಂಬ ಊಟ ಸಿಗಬೇಕು ಎಂಬುದು. ಅರವತ್ತು ದಾಟಿದವಳು ಅತ್ತೆಯನ್ನು ಕ್ಷಮಿಸಬೇಕು ಎಂಬುದು ಇದರಲ್ಲಿ ಎಲ್ಲಿಂದ ಬಂತು?

ಎರಡನೆಯದು ಇಲಿಗಳು. ಮಾಂಟ್ರಿಯಲ್‌ನ ಮೈಕೆಲ್ ಮೀನಿ, ಮೋಶೆ ಶಿಫ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ್ದು ಇದು: ತಾಯಿ ಚೆನ್ನಾಗಿ ನೆಕ್ಕಿ ಆರೈಕೆ ಮಾಡಿದ ಮರಿಗಳ ಮಿದುಳಿನಲ್ಲಿ, ಒತ್ತಡದ ಹಾರ್ಮೋನಿಗೆ ಸ್ಪಂದಿಸುವ ಒಂದು ಜೀನ್‌ನ ಗುರುತುಗಳು, ಅಷ್ಟು ಆರೈಕೆ ಸಿಗದ ಮರಿಗಳಿಗಿಂತ ಬೇರೆಯಾಗಿದ್ದವು. ದೊಡ್ಡವಾದ ಮೇಲೂ ಅದನ್ನು ಹಿಂದಿರುಗಿಸಬಹುದು ಎಂದೂ ಅವರು ತೋರಿಸಿದರು. ಶಿಬಿರದವರು ಈ 'ಹಿಂದಿರುಗಿಸಬಹುದು' ಎಂಬ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಹಿಂದಿರುಗಿಸಿದ್ದು ಹೇಗೆಂದು ಹಾಕಿರಲಿಲ್ಲ. ಅದು ಇಲಿಯ ಮಿದುಳಿಗೇ ನೇರವಾಗಿ ಹರಿಸಿದ ಔಷಧದಿಂದ. ಮಾತಿನಿಂದಲ್ಲ, ಧ್ಯಾನದಿಂದಲ್ಲ.

ಇಲಿಯಿಂದ ಮನುಷ್ಯರಿಗೆ ಹಾರುವಾಗ ಇನ್ನೊಂದು ಅನಾಹುತವೂ ಆಗುತ್ತದೆ. ತಪ್ಪೆಲ್ಲ ತಾಯಿಯ ತಲೆಗೆ ಬರುತ್ತದೆ. 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಸಾರಾ ರಿಚರ್ಡ್‌ಸನ್ ಮತ್ತು ಸಂಗಡಿಗರು 'ತಾಯಂದಿರನ್ನು ದೂರಬೇಡಿ' ಎಂದು ವಿಜ್ಞಾನಿಗಳನ್ನೂ ಪತ್ರಕರ್ತರನ್ನೂ ಎಚ್ಚರಿಸಬೇಕಾಯಿತು. ನಮ್ಮಲ್ಲಿ ಅದಕ್ಕೆ ಬೇರೆ ಎಚ್ಚರಿಕೆಯೇ ಬೇಕು. ಮಗುವಿಗೆ ಕೆಮ್ಮು ಬಂದರೂ ತಾಯಿ ತಿಂದದ್ದೇನು ಎಂದು ಕೇಳುವ ಜನ ನಾವು. ಅಂಥವರ ಕೈಗೆ ಈಗ ಜೀನ್ ಎಂಬ ಬೆತ್ತವೂ ಸಿಕ್ಕಿದೆ.

ಮೂರನೆಯದು ನಾಜಿ ಹತ್ಯಾಕಾಂಡದಿಂದ ಬದುಕುಳಿದವರು ಮತ್ತು ಅವರ ಮಕ್ಕಳು. ನ್ಯೂಯಾರ್ಕಿನ ರೇಚಲ್ ಯೆಹುಡಾ ಅವರ ಅಧ್ಯಯನ ಜಗತ್ತಿನಾದ್ಯಂತ ಸುದ್ದಿಯಾಯಿತು. ತಂದೆತಾಯಿಯ ಆಘಾತ ಮಕ್ಕಳ ಜೀನ್‌ನಲ್ಲಿ ಉಳಿಯುತ್ತದೆ ಎಂದೇ ಎಲ್ಲರೂ ಓದಿಕೊಂಡರು. ಅಧ್ಯಯನದಲ್ಲಿದ್ದವರು ಬದುಕುಳಿದ 32 ಮಂದಿ ಮತ್ತು ಅವರ 22 ಮಕ್ಕಳು. ಹೋಲಿಸಲು ಇದ್ದ ಗುಂಪು ಇನ್ನೂ ಚಿಕ್ಕದು. ಎಫ್‌ಕೆಬಿಪಿ5 ಎಂಬ ಜೀನ್‌ನ ಒಂದು ಜಾಗದಲ್ಲಿ ತಂದೆತಾಯಿಯರ ಗುರುತು ಹೆಚ್ಚಿತ್ತು, ಮಕ್ಕಳದ್ದು ಕಡಿಮೆಯಿತ್ತು. ಅಂದರೆ ವಿರುದ್ಧ ದಿಕ್ಕು. ಇದನ್ನು ಆನುವಂಶಿಕವಾಗಿ ಇಳಿದು ಬಂದ ಗಾಯ ಎಂದು ಸಲೀಸಾಗಿ ಹೇಳಲು ಬರುವುದಿಲ್ಲ. ಅಂಥ ಮನೆಯಲ್ಲಿ ಬೆಳೆದದ್ದರ ಪರಿಣಾಮ ಎಷ್ಟು, ಗರ್ಭದಲ್ಲಿ ಆದದ್ದೆಷ್ಟು ಎಂದು ಬಿಡಿಸುವುದೂ ಸುಲಭವಲ್ಲ.

ಮನೋಚಿಕಿತ್ಸೆಯಿಂದ ಗುರುತು ಬದಲಾಗುವುದನ್ನು ಯಾರೂ ನೋಡಿಯೇ ಇಲ್ಲವೇ ಎಂದು ನೀವು ಕೇಳಬಹುದು. ನೋಡಿದ್ದಾರೆ. ಅದೇ ಯೆಹುಡಾ ಅವರು 2013ರಲ್ಲಿ ಯುದ್ಧದಿಂದ ಮರಳಿ ಆಘಾತದ ನಂತರದ ಮನೋರೋಗದಿಂದ ನರಳುತ್ತಿದ್ದ ಮಾಜಿ ಸೈನಿಕರ ಬಗ್ಗೆ ಬರೆದರು. ಮಾತಿನ ಚಿಕಿತ್ಸೆಯಿಂದ ಚೇತರಿಸಿಕೊಂಡವರಲ್ಲಿ ಎಫ್‌ಕೆಬಿಪಿ5ರ ಗುರುತು ಇಳಿದಿತ್ತು. ಅಲ್ಲಿದ್ದ ಸೈನಿಕರು 16 ಮಂದಿ. ನಮ್ಮ ಹೌಸಿಂಗ್ ಸೊಸೈಟಿಯ ಸರ್ವಸದಸ್ಯರ ಸಭೆಗೆ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ. ಇಂಥ ಸಣ್ಣ ಅಧ್ಯಯನ ಮಾಡುವುದು ತಪ್ಪಲ್ಲ. ವಿಜ್ಞಾನ ಹೀಗೆಯೇ ಹೆಜ್ಜೆ ಇಡಬೇಕು. ಆದರೆ ಅದು ಕೇಳುವುದು ಒಂದು ಪ್ರಶ್ನೆಯನ್ನು. ಆ ಪ್ರಶ್ನೆಯನ್ನೇ ಉತ್ತರ ಎಂದು 14,000 ರೂಪಾಯಿಗೆ ಮಾರುವುದು ತಪ್ಪು. ಅದೂ ಆಘಾತಗೊಂಡ ಸೈನಿಕರ ಫಲಿತಾಂಶವನ್ನು ಗಂಟುನೋವಿನ ಟೀಚರಿಗೆ ಮಾರುವುದು ಇನ್ನೂ ದೊಡ್ಡ ತಪ್ಪು.

ಅಕ್ಕನಿಗೆ ಆ ಶಿಬಿರದಲ್ಲಿ ಎಂಜಲು ಪರೀಕ್ಷೆಯ ಒಂದು ಕಿಟ್ಟನ್ನೂ ಕೊಡಲು ಬಂದಿದ್ದರು, ಬೇರೆ ಹಣಕ್ಕೆ. 'ಮೊದಲು ಮತ್ತು ನಂತರ' ಅಳೆದು ತೋರಿಸುತ್ತಾರಂತೆ. ಪುಣ್ಯಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಮೇಳದ ಭಾಗವತರ ಪುಸ್ತಕದ ಪೆನ್ಸಿಲ್ ಗುರುತು ನೋಡಿ ಇನ್ನೊಂದು ಮೇಳದ ಆಟ ಹೇಗಿರುತ್ತದೆಂದು ಹೇಳಲಾದೀತೇ? ಎಂಜಲಿನ ಕೋಶಗಳ ಗುರುತು ಮಿದುಳಿನದ್ದಲ್ಲ, ಗಂಟಿನ ಪೊರೆಯದ್ದೂ ಅಲ್ಲ. ಇನ್ನೊಂದು ತೊಡಕೂ ಇದೆ. ರಕ್ತದಲ್ಲಾಗಲಿ ಎಂಜಲಿನಲ್ಲಾಗಲಿ ಹಲವು ಬಗೆಯ ಕೋಶಗಳು ಬೆರೆತಿರುತ್ತವೆ, ಒಂದೊಂದಕ್ಕೆ ಒಂದೊಂದು ಬಗೆಯ ಗುರುತು. ಅವುಗಳ ಪ್ರಮಾಣ ಏರುಪೇರಾದರೆ ಸರಾಸರಿ ತಾನಾಗಿ ಬದಲಾಗುತ್ತದೆ. ನೆಗಡಿ ಬಂದರೆ ಪ್ರಮಾಣ ಬದಲಾಗುತ್ತದೆ. ಅಕ್ಕನಂಥವರು ನುಂಗುವ ಸ್ಟೀರಾಯ್ಡ್ ಮಾತ್ರೆಯಿಂದಲೂ ಬಿಳಿ ರಕ್ತಕಣಗಳ ಪ್ರಮಾಣ ಬದಲಾಗುತ್ತದೆ. ಆ ಬದಲಾವಣೆಯನ್ನು 'ನೋಡಿ, ನಿಮ್ಮ ಕ್ಷಮೆ ಕೆಲಸ ಮಾಡಿದೆ' ಎಂದು ಬಣ್ಣದ ನಕ್ಷೆಯಲ್ಲಿ ತೋರಿಸಿದರೆ ಅಕ್ಕನಿಗೆ ಹೇಗೆ ಗೊತ್ತಾಗಬೇಕು?

ಹಾಗಾದರೆ ಮನಸ್ಸಿಗೂ ದೇಹದ ಕಾಯಿಲೆಗೂ ಸಂಬಂಧವೇ ಇಲ್ಲವೇ? ಇದೆ, ಖಂಡಿತ ಇದೆ. ಅದನ್ನು ತೋರಿಸಿದ ಅಧ್ಯಯನಗಳೂ ಇವೆ. ಅವುಗಳ ಬಗ್ಗೆ ಶಿಬಿರಗಳಲ್ಲಿ ಯಾರೂ ಮಾತಾಡುವುದಿಲ್ಲ, ಏಕೆಂದರೆ ಅವುಗಳಲ್ಲಿ ಪವಾಡ ಇಲ್ಲ.

ದೀರ್ಘಕಾಲದ ನೋವಿಗೆ ಮನೋಚಿಕಿತ್ಸೆ ಎಷ್ಟು ಕೆಲಸ ಮಾಡುತ್ತದೆ ಎಂದು 2020ರ ಕಾಕ್ರೇನ್ ವಿಮರ್ಶೆ 75 ಅಧ್ಯಯನಗಳನ್ನು, 9,401 ಜನರ ವಿವರಗಳನ್ನು ಒಟ್ಟುಹಾಕಿ ನೋಡಿತು. ಆಲೋಚನೆ ಮತ್ತು ವರ್ತನೆಯನ್ನು ತಿದ್ದಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಚಿಕಿತ್ಸೆಯಿಂದ ನೋವು, ಅದರಿಂದಾಗುವ ಅಸಹಾಯಕತೆ, ಸಂಕಟ ಮೂರೂ ಸ್ವಲ್ಪ ಇಳಿಯುತ್ತವೆ. ಸ್ವಲ್ಪವೇ. ಆದರೆ ನಿಜವಾಗಿ ಇಳಿಯುತ್ತವೆ. ರಾತ್ರಿ ನಿದ್ದೆ ಬಾರದೆ ನರಳುವವರಿಗೆ ಮಾತ್ರೆಗಿಂತ ಮೊದಲು ನಿದ್ದೆಗೆಂದೇ ರೂಪಿಸಿದ ಸಿಬಿಟಿ ಕೊಡಿ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೇಳಿತು. ನೋವಿರುವ ಮನುಷ್ಯನಿಗೆ ಸ್ವಲ್ಪ ಹೆಚ್ಚು ನಿದ್ದೆ ಸಿಗುವುದು ಸಣ್ಣ ವಿಷಯ ಎನ್ನುವವರು ನೋವು ತಿಂದವರಲ್ಲ.

ನಮ್ಮದೇ ದೇಶದ ಉದಾಹರಣೆ ಬೇಕೇ? ಮಧುಮೇಹದ ಜೊತೆ ಖಿನ್ನತೆಯ ಲಕ್ಷಣಗಳೂ ಇದ್ದ 404 ರೋಗಿಗಳನ್ನು ಭಾರತದ ನಾಲ್ಕು ಕ್ಲಿನಿಕ್ಕುಗಳಲ್ಲಿ ಎರಡು ವರ್ಷ ಗಮನಿಸಿದ ಒಂದು ಪ್ರಯೋಗ 2020ರಲ್ಲಿ ಪ್ರಕಟವಾಯಿತು. ನಾಲ್ಕರಲ್ಲಿ ಒಂದು ಬೆಂಗಳೂರಿನದು. ಅರ್ಧ ಜನರಿಗೆ ಎಂದಿನ ಚಿಕಿತ್ಸೆ. ಇನ್ನರ್ಧಕ್ಕೆ ಅದರ ಜೊತೆ ಒಬ್ಬ ಸಂಯೋಜಕರು: ನಿಯಮಿತವಾಗಿ ವಿಚಾರಿಸುವವರು, ಸಕ್ಕರೆಯನ್ನೂ ಮನಸ್ಸನ್ನೂ ಒಟ್ಟಿಗೆ ಕೇಳುವವರು, ತಜ್ಞರ ಜೊತೆ ಕೂತು ಆ ರೋಗಿಯ ಔಷಧವನ್ನು ಮರುಪರಿಶೀಲಿಸುವವರು. ಖಿನ್ನತೆ ಅರ್ಧಕ್ಕರ್ಧ ಇಳಿದು, ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಸಂಯೋಜಕರಿದ್ದ ಗುಂಪಿನಲ್ಲಿ ಶೇಕಡಾ 71.6. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 57.4. ಅಲ್ಲಿ ಯಾರೂ ರೋಗಿಗಳಿಗೆ ಜೀನ್ ಸ್ವಿಚ್ಚಿನ ಕಥೆ ಹೇಳಲಿಲ್ಲ. ಯಾರೂ ಅಮ್ಮನನ್ನು ಬೈಯಲಿಲ್ಲ. ಔಷಧವನ್ನು ಬಿಡಿಸಲಿಲ್ಲ, ಸರಿಯಾಗಿ ತೆಗೆದುಕೊಳ್ಳುವ ಹಾಗೆ ಮಾಡಿದರು. ಕೂಡಿಸುವುದಾದರೆ ಹೀಗೆ ಕೂಡಿಸಬೇಕು.

ಸಂಘದ ಹಿರಿಯ ಮಿತ್ರರೊಬ್ಬರು ನನ್ನ ಈ ವಾದ ಕೇಳಿ ಹೇಳಿದರು: "ನೀವು ಹೇಳುವುದು ಸರಿ ಇರಬಹುದು. ಆದರೆ ಕೌನ್ಸೆಲಿಂಗ್ ಎಂದರೆ ನಮ್ಮವರು ಬಾಗಿಲು ಹಾಕಿಕೊಳ್ಳುತ್ತಾರೆ, ನನಗೇನು ಹುಚ್ಚೇ ಅಂತ ಕೇಳುತ್ತಾರೆ. ಜೀನ್ ಅಂದರೆ ಬರುತ್ತಾರೆ. ಆ ನೆಪದಲ್ಲಾದರೂ ನಾಲ್ಕು ಮಾತು ಹೊರಗೆ ಬಂದರೆ ನಿಮಗೇನು ನಷ್ಟ?"

ಇದು ತಳ್ಳಿಹಾಕುವ ಮಾತಲ್ಲ. ನಮ್ಮಲ್ಲಿ ಮನಸ್ಸಿನ ನೋವಿಗೆ ಮರ್ಯಾದೆ ಇಲ್ಲ, ದೇಹದ ನೋವಿಗೆ ಇದೆ. ಆದ್ದರಿಂದ ಮನಸ್ಸಿನ ನೋವಿಗೆ ದೇಹದ ವೇಷ ಹಾಕಿ ಕರೆತರುವುದು ಜಾಣತನವೆಂದು ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಜೀನ್ ಹೆಸರಿನಲ್ಲಿ ಬಂದವರಿಗೆ ಒಂದು ಭರವಸೆ ಕೊಟ್ಟಿರುತ್ತೀರಿ: ಸರಿಯಾಗಿ ಮಾಡಿದರೆ ಕಾಯಿಲೆ ಹೋಗುತ್ತದೆ. ಕಾಯಿಲೆ ಹೋಗದಿದ್ದರೆ? ಸರಿಯಾಗಿ ಮಾಡಲಿಲ್ಲ ಎಂದೇ ಅರ್ಥ. ಪೂರ್ವಜನ್ಮದ ಕರ್ಮ ಎಂದು ಹಿಂದೆ ಹೇಳುತ್ತಿದ್ದರು. ಆಗ ಈ ಜನ್ಮದಲ್ಲಾದರೂ ರೋಗಿಗೆ ಬಿಡುಗಡೆ ಇತ್ತು, ಹಿಂದೆ ಏನು ಮಾಡಿದೆನೋ ಎಂದು ಸುಮ್ಮನಾಗಬಹುದಿತ್ತು. ಈಗ ಬೆಳಿಗ್ಗೆ ಎದ್ದು ಬೆರಳು ಮಡಚಲು ನೋಡಿದಾಗಲೆಲ್ಲ ಪರೀಕ್ಷೆಯ ಫಲಿತಾಂಶ ಬಂದಂತೆ. ನನ್ನ ಅಕ್ಕ ಮೂರು ತಿಂಗಳು ದಿನವೂ ಆ ಪರೀಕ್ಷೆಯಲ್ಲಿ ಫೇಲಾದಳು.

ಮಾತಿನ ಚಿಕಿತ್ಸೆಯ ನಿಜವಾದ ಗುಣ ಇದಕ್ಕೆ ತದ್ವಿರುದ್ಧ. ಒಳ್ಳೆಯ ಚಿಕಿತ್ಸಕರು ಮೊದಲು ಹೇಳುವುದೇ, ಇದು ನಿಮ್ಮ ತಪ್ಪಲ್ಲ ಎಂದು.

ಅಂಥ ಚಿಕಿತ್ಸಕರು ನಮಗೆ ಎಲ್ಲಿ ಸಿಗುತ್ತಾರೆ? ಮಣಿಕಟ್ಟು ಬಾತು ಮತ್ತೆ ಆಸ್ಪತ್ರೆ ಸೇರಿದಾಗ ಅಕ್ಕನನ್ನು ನೋಡಿಕೊಂಡ ಡಾಕ್ಟರು ಬೈಯಲಿಲ್ಲ. ಮಾತ್ರೆ ಮತ್ತೆ ಶುರು ಮಾಡಿ, ಕೌನ್ಸೆಲರ್ ಹತ್ತಿರ ಕಳಿಸಿದರು. ಒಳ್ಳೆಯ ಹುಡುಗಿ, ತಾಳ್ಮೆಯಿಂದ ಕೂತಳು. "ಕೈಸಾ ದರ್ದ್ ಹೈ?" ಎಂದು ಕೇಳಿದಳು. ಅಕ್ಕನಿಗೆ ಹಿಂದಿ ಬರುತ್ತದೆ, ಮರಾಠಿಯೂ ಬರುತ್ತದೆ. ತರಕಾರಿ ಕೊಳ್ಳಲು, ಬ್ಯಾಂಕಿನಲ್ಲಿ ಜಗಳವಾಡಲು ಸಾಕಾಗುವಷ್ಟು ಬರುತ್ತದೆ. ಆದರೆ ನೋವು ಹೇಳಲು? ಅವಳ ನೋವಿಗೆ ಕನ್ನಡದಲ್ಲಿ ಎಷ್ಟು ಹೆಸರುಗಳಿದ್ದವು: ಬೆಳಿಗ್ಗೆ ಮರಗಟ್ಟುವುದು, ಮಧ್ಯಾಹ್ನ ಸೆಳೆಯುವುದು, ಮಳೆ ಹಿಡಿದಾಗ ಒಳಗಿಂದ ಕುಟ್ಟಿದ ಹಾಗೆ, ರಾತ್ರಿ ಉರಿ, ಏನೋ ನೆನಪಾದಾಗ ಚುಳ್ ಎನ್ನುವುದು. ಅವಳು "ಬಹುತ್ ದರ್ದ್ ಹೈ" ಎಂದಳು. ಕೌನ್ಸೆಲರ್ ಬರೆದುಕೊಂಡಳು. ಅಲ್ಲಿಗೆ ಮುಗಿಯಿತು.

ಶಾಲೆ ಮಕ್ಕಳಿಲ್ಲದೆ ಒಂದೊಂದೇ ತರಗತಿ ಮುಚ್ಚಿದಾಗ ಆದ ಸಂಕಟವನ್ನು ಅವಳು ಯಾವ ಹಿಂದಿಯಲ್ಲಿ ಹೇಳಬೇಕಿತ್ತು? ಭಾವ ತೀರಿಕೊಂಡ ಮೇಲೆ ಊರಿಗೆ ಹೋಗುವುದೋ ಇಲ್ಲೇ ಇರುವುದೋ ಎಂದು ಹತ್ತು ವರ್ಷ ತೂಗಿದ್ದನ್ನು? ಶಸ್ತ್ರಚಿಕಿತ್ಸೆಗೆ ಭಾಷೆ ಬೇಕಿಲ್ಲ, ಮಾತ್ರೆಗೆ ಬೇಕಿಲ್ಲ. ಮಾತಿನ ಚಿಕಿತ್ಸೆಗೆ ಮಾತೇ ಔಷಧ. ಆ ಔಷಧ ನಮ್ಮಂಥ ವಲಸಿಗರಿಗೆ ಈ ಊರಿನಲ್ಲಿ ಸಿಗುವುದು ಅಪರೂಪ. ಶಿಬಿರದವರು ಗೆದ್ದದ್ದೂ ಅಲ್ಲಿಯೇ. ಅವರ ವಿಡಿಯೊದಲ್ಲಿ ಕನ್ನಡ ಉಪಶೀರ್ಷಿಕೆ ಇತ್ತು. ವೇದಿಕೆಯಲ್ಲಿ ನಮ್ಮೂರ ಕಡೆಯ ಒಬ್ಬರನ್ನು ಕೂರಿಸಿದ್ದರು. "ಅವರು ನನ್ನ ಹತ್ತಿರ ಕನ್ನಡದಲ್ಲಿ ಅರ್ಧ ಗಂಟೆ ಮಾತಾಡಿದರು ಮಾರಾಯ," ಎಂದು ಅಕ್ಕ ಹೇಳಿದಾಗ ನನಗೆ ಸಿಟ್ಟು ಬಂದದ್ದು ಅವರ ಮೇಲೆ ಮಾತ್ರವಲ್ಲ.

ಒಂದು ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶ ನಮ್ಮದು. ಎಲ್ಲರಿಗೂ ಅವರವರ ಭಾಷೆಯ ಚಿಕಿತ್ಸಕರು ನಾಳೆಯೇ ಸಿಗುವುದಿಲ್ಲ, ಗೊತ್ತಿದೆ. ಆದರೆ ಏನೂ ಇಲ್ಲ ಎಂದೂ ಅಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಆರಂಭವಾಯಿತು. 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ. ಸೇವೆ ಕೊಡುವ ಭಾಷೆಗಳಲ್ಲಿ ಕನ್ನಡವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಫೋನಿನ ಸಲಹೆ ತಿಂಗಳುಗಟ್ಟಲೆಯ ಚಿಕಿತ್ಸೆಗೆ ಸಮವಲ್ಲ, ಆದರೆ ಮೊದಲ ಬಾಗಿಲಾಗಬಹುದು.

ಇನ್ನು ನಮ್ಮ ಸಂಘಗಳು. ವರ್ಷಕ್ಕೊಮ್ಮೆ ಕಣ್ಣಿನ ಶಿಬಿರ, ಸಕ್ಕರೆ ಪರೀಕ್ಷೆ, ರಕ್ತದಾನ ನಡೆಸುತ್ತೇವೆ. ಒಳ್ಳೆಯದೇ. ಸಭಾಗೃಹಕ್ಕೆ ಬಾಡಿಗೆ ಬರುತ್ತದೆಂದು ಇಂಥ ಜೀನ್ ಶಿಬಿರಗಳಿಗೂ ಬಾಗಿಲು ತೆರೆಯುತ್ತೇವೆ, ಫ್ಲೆಕ್ಸ್ ಹಾಕುತ್ತೇವೆ. ಆ ಬಾಗಿಲನ್ನು ಮುಚ್ಚೋಣ ಎನ್ನುತ್ತೇನೆ. ಕನಿಷ್ಠ ಮೂರು ಪ್ರಶ್ನೆ ಕೇಳಿ ಆಮೇಲೆ ತೆರೆಯೋಣ. ಒಂದು: ರೋಗಿ ತನ್ನ ಔಷಧವನ್ನು ನಿಲ್ಲಿಸಬಾರದು ಎಂದು ಬರೆದು, ಸಹಿ ಹಾಕಿ ಕೊಡುತ್ತೀರಾ? ಎರಡು: ನೀವು ತೋರಿಸುವ ಅಧ್ಯಯನದಲ್ಲಿ ಎಷ್ಟು ಜನರಿದ್ದರು, ಅವರಿಗೆ ಯಾವ ಕಾಯಿಲೆ ಇತ್ತು, ಯಾವ ಕೋಶವನ್ನು ಅಳೆದಿದ್ದರು? ಮೂರು: ನಿಮ್ಮ ಶಿಬಿರದಿಂದ ಗುಣವಾಗದಿದ್ದರೆ ತಪ್ಪು ಯಾರದು? ಮೂರನೆಯ ಪ್ರಶ್ನೆಗೆ 'ರೋಗಿಯದು' ಎಂಬ ಉತ್ತರ ಯಾವ ವೇಷದಲ್ಲಿ ಬಂದರೂ ಆ ಮನುಷ್ಯರಿಗೆ ಮೈಕು ಕೊಡಬೇಡಿ.

ಆ ಸಭಾಗೃಹ ಖಾಲಿಯಾದ ದಿನ ಬೇರೊಂದು ಕೆಲಸ ಮಾಡಬಹುದು. ಈ ಪತ್ರಿಕೆಯ ಓದುಗರಲ್ಲಿ ಮನಶ್ಶಾಸ್ತ್ರ ಓದಿದವರಿದ್ದೀರಿ, ಆಸ್ಪತ್ರೆಗಳಲ್ಲಿ ಸಮಾಜಕಾರ್ಯಕರ್ತರಾಗಿರುವವರಿದ್ದೀರಿ, ಪುಣೆಯಲ್ಲಿ, ಹೈದರಾಬಾದಿನಲ್ಲಿ ಕೂತು ಕಂಪ್ಯೂಟರ್ ಮುಂದೆ ಕೌನ್ಸೆಲಿಂಗ್ ಮಾಡುವವರಿದ್ದೀರಿ. ವಾರಕ್ಕೆ ಒಂದು ಸಂಜೆ ಕನ್ನಡದಲ್ಲಿ ಕೊಡಿ. ಸಂಘ ಒಂದು ಕೋಣೆ ಕೊಡಲಿ, ಒಂದು ಫೋನು ಕೊಡಲಿ. ಸಂಧಿವಾತದವರು, ಡಯಾಲಿಸಿಸ್‌ನವರು, ಇಪ್ಪತ್ತು ವರ್ಷ ಸಕ್ಕರೆಯ ಜೊತೆ ಬದುಕಿದವರು ತಮ್ಮ ಮಾತಿನಲ್ಲಿ ನೋವು ಹೇಳಿಕೊಳ್ಳಲಿ. ಗುಣಪಡಿಸುತ್ತೇವೆ ಎನ್ನಬೇಡಿ. ಕೇಳುತ್ತೇವೆ ಎನ್ನಿ, ಮಾತ್ರೆ ಬಿಡಬೇಡಿ ಎನ್ನಿ.

ಅಕ್ಕ ಈಗ ಎರಡು ವಾರಕ್ಕೊಮ್ಮೆ ಊರ ಕಡೆಯ ಒಬ್ಬ ಮನಶ್ಶಾಸ್ತ್ರಜ್ಞೆಯ ಜೊತೆ ವಿಡಿಯೊ ಕರೆಯಲ್ಲಿ ಮಾತಾಡುತ್ತಾಳೆ. ಪರಿಚಯದವರ ಪರಿಚಯದವರಿಂದ ಸಿಕ್ಕಿದ್ದು. ಬಾಗಿಲು ಹಾಕಿಕೊಂಡು ಮಾತಾಡುತ್ತಾಳೆ. ಏನೆಂದು ನಾನು ಕೇಳುವುದಿಲ್ಲ. ಮಾತ್ರೆ ಪ್ರತಿ ಭಾನುವಾರ ತಪ್ಪದೆ ನುಂಗುತ್ತಾಳೆ. ಬಲಗೈಯ ಎರಡು ಬೆರಳು ಇನ್ನು ನೆಟ್ಟಗಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ರಾತ್ರಿ ಮೊದಲಿಗಿಂತ ನಿದ್ದೆ ಬರುತ್ತದಂತೆ.

ಕಳೆದ ವಾರ ನಾನು ಕ್ಷಮೆ ಕೇಳಿದೆ, ಆ ವಿಡಿಯೊ ಕಳಿಸಿದ್ದಕ್ಕೆ. ಅವಳು ನಕ್ಕಳು. "ಕ್ಷಮಿಸಿದ್ದೇನೆ," ಎಂದಳು. "ಬೆರಳಿಗೆ ಅದರಿಂದ ಏನೂ ಆಗುವುದಿಲ್ಲ, ಆಯಿತಾ?"